ಮೆಹಜಬೀನಳ ಫೋನಿಗೆ ಆರು ರಬ್ಬರ್ ಗುಂಡಿ

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಇಫ್ತಿಕಾರ್ ಚಳ್ಳಕೆರೆಯ ತನ್ನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೂತು, ಹಳೆಯ ಸೈಕಲ್ ಟ್ಯೂಬಿನಿಂದ ಕಡಲೆಕಾಳಿನಷ್ಟು ತುಂಡುಗಳನ್ನು ಕತ್ತರಿಸುತ್ತಿದ್ದ. ಎದುರಿಗೆ ಪರಶುರಾಂಪುರದ ದೊಡ್ಡೀರಪ್ಪನ ಮೋಟರು ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಅದರ ಪಕ್ಕದಲ್ಲಿ ದೊಡ್ಡೀರಪ್ಪನೂ ಕೂತಿದ್ದ.

“ಭಾಯ್, ನನ್ ಮೋಟ್ರಿಗೆ ರಬ್ಬರ್ ಎಲ್ಲಿ ಬರ್ತೈತೆ?”

“ಇದು ಮೋಟ್ರಿಗಲ್ಲ.”

“ಮತ್ತೆ?”

“ಮನೆಯವಳ ಫೋನಿಗೆ.”

ದೊಡ್ಡೀರಪ್ಪ ಬಿಚ್ಚಿಟ್ಟ ಮೋಟರಿನ ಕಡೆ ಕೈ ತೋರಿಸಿದ. “ಅಲ್ಲೀತನಕ ಹೊಲದಾಗೆ ನನ್ ಈರುಳ್ಳಿ ನೀರಿಲ್ದೆ ಬಾಯಿ ಮುಚ್ಕಂಡು ಇರ್ಬೇಕಾ?”

ಇಫ್ತಿಕಾರನಿಗೆ ಈರುಳ್ಳಿಯ ಕಷ್ಟ ಕೇಳುವ ಪುರುಸೊತ್ತಿರಲಿಲ್ಲ. ಅವನಿಗೆ ಈಗ ನಲವತ್ತಾರು. ಹದಿನೈದನೆಯ ವಯಸ್ಸಿನಲ್ಲಿ, ಟಿವಿಗೆ ಪೆಟ್ಟಿಗೆ ಸಿಕ್ಕಿಸಿ ಗಂಟೆಯ ಲೆಕ್ಕದಲ್ಲಿ ಆಡಿಸುತ್ತಿದ್ದ ವಿಡಿಯೋ ಗೇಮ್ ಅಂಗಡಿಯಲ್ಲಿ, ಅವನು ಏಳು ಕೋಟೆ ಗೆದ್ದಿದ್ದ. ಎಂಟನೆಯ ಕೋಟೆಯ ಬಾಗಿಲಿಗೆ ಬಂದಾಗಲೆಲ್ಲ ಊರಿನ ಕರೆಂಟು ಹೋಗುತ್ತಿತ್ತು. (ಕರೆಂಟಿನ ಕಸುಬನ್ನೇ ಹಿಡಿದದ್ದು ಆ ಸೇಡು ತೀರಿಸಿಕೊಳ್ಳಲಿಕ್ಕಾ ಎಂದು ಹೆಂಡತಿ ಮೆಹಜಬೀನ್ ಆಗಾಗ ಕೇಳುವುದುಂಟು.) ಕಳೆದ ತಿಂಗಳು ಅವನಿಗೆ ಎಮ್ಯುಲೇಟರ್ ಎಂಬುದು ಸಿಕ್ಕಿತು. ಫೋನಿನೊಳಗೆ ಆ ಹಳೆಯ ಪೆಟ್ಟಿಗೆಯ ವೇಷ ಹಾಕಿ, ಅದೇ ಆಟವನ್ನು ಅದೇ ಸಂಗೀತದೊಂದಿಗೆ ಆಡಿಸುವ ಆ್ಯಪ್ ಅದು. ಅವನ ಫೋನಿನ ಗಾಜು ಒಡೆದಿತ್ತು. ಮೆಹಜಬೀನಳದು ಅಗಲವಾಗಿತ್ತು, ಹೊಸದಾಗಿತ್ತು.

ತೊಂದರೆ ಒಂದೇ. ಗಾಜಿನ ಮೇಲೆ ಚಿತ್ರವಾಗಿ ಮೂಡುವ ಗುಂಡಿಗಳು ಬೆರಳಿಗೆ ತಗಲುವುದಿಲ್ಲ. ಎಡಕ್ಕೆ ಒತ್ತಿದೆನೆಂದುಕೊಂಡರೆ ಮೇಲಕ್ಕೆ ಒತ್ತಿರುತ್ತದೆ. ಇಪ್ಪತ್ತಾರು ದಿನಗಳಿಂದ ಆಟದೊಳಗಿನ ಅವನ ವೀರಯೋಧ ಒಂದೇ ಹಳ್ಳದಲ್ಲಿ ಬಿದ್ದು ಸಾಯುತ್ತಿದ್ದ. ಆಗ ಹೊಳೆದದ್ದು ಈ ರಬ್ಬರ್. ರಬ್ಬರಿನ ಮೂಲಕ ಬೆರಳಿನ ಸ್ಪರ್ಶ ಗಾಜಿಗೆ ತಿಳಿಯುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ವೈಂಡಿಂಗ್ ಮಾಡುವವನ ಬಳಿ ತಾಮ್ರದ ತಂತಿಗೆ ಬರವೆ? ಪ್ರತಿ ತುಂಡಿನ ನಡುವೆ ತಂತಿ ತೂರಿಸಿ, ತುದಿಯನ್ನು ತುಸು ಹೊರಗೆ ಬಿಟ್ಟು, ಪಂಕ್ಚರಿಗೆ ಹಾಕುವ ಸಲ್ಯೂಷನ್‌ನಿಂದ ಆರೂ ಗುಂಡಿಗಳನ್ನು ಫೋನಿನ ಗಾಜಿಗೆ ಅಂಟಿಸಿದ. ಎಡಗಡೆ ದಿಕ್ಕುಗಳಿಗೆ ನಾಲ್ಕು, ಬಲಗಡೆ ನೆಗೆಯಲು ಒಂದು, ಗುಂಡು ಹಾರಿಸಲು ಒಂದು. ಆ ಸಂಜೆಯೇ ಅವನು ಆರನೆಯ ಕೋಟೆ ಗೆದ್ದ.

“ಇದೇನ್ರೀ, ನನ್ ಫೋನಿಗೆ ಸಿಡುಬು ಎದ್ದಂಗೈತೆ?” ಎಂದು ಮೆಹಜಬೀನ್ ಶುಕ್ರವಾರ ಬೆಳಿಗ್ಗೆ ಕೇಳಿದಳು.

“ಎರಡೇ ದಿನ. ಎಂಟನೇ ಕೋಟೆ ಮುಗೀಲಿ, ಕಿತ್ಹಾಕ್ತೀನಿ.”

ಅವಳು ಅಂದು ಜಗಳಕ್ಕೆ ನಿಲ್ಲಲಿಲ್ಲ. ಜುಮಾ ನಮಾಜ್ ಮುಗಿಸಿ ಅಣ್ಣ ಶೇಕ್ಷಾವಲಿ ಫೋನ್ ಮಾಡುತ್ತಾನೆಂದು ಮೊಳಕಾಲ್ಮೂರಿನಿಂದ ಸುದ್ದಿ ಬಂದಿತ್ತು. ಅಣ್ಣ ತಂಗಿ ಮಾತಾಡಿ ಹನ್ನೊಂದು ವರ್ಷವಾಗಿತ್ತು. ಮಗಳು ಸಾನಿಯಾಳ ನಿಕಾಹ್ ಮುಂದಿನ ತಿಂಗಳು. ಸೋದರಮಾವನಿಲ್ಲದೆ ನಿಕಾಹ್ ಹೇಗೆ ಎಂಬ ಚಿಂತೆಯಲ್ಲಿ ಮೆಹಜಬೀನ್ ಅರ್ಧ ಸವೆದಿದ್ದಳು.

ಆ ಮುನಿಸಿಗೆ ಕಾರಣ ಇಫ್ತಿಕಾರನೇ. ಶೇಕ್ಷಾವಲಿ ಹೊಸ ಮನೆ ಕಟ್ಟಿಸಿದಾಗ ವೈರಿಂಗ್ ಮಾಡಿದ್ದು ಅವನು. ಮನೆಗೆ ಸೇರುವ ದಿನದ ದಾವತ್‌ಗೆ ಬಂದ ಮೊದಲ ಅತಿಥಿ ಬಾಗಿಲ ಬೆಲ್ ಒತ್ತಿದರೆ ನಡುಮನೆಯ ಫ್ಯಾನು ತಿರುಗಿತು. “ನಿನ್ ಗಂಡ ಕೈಯಿಟ್ಟಿದ್ದು ಒಂದೂ ನೆಟ್ಟಗಾಗಲ್ಲ” ಎಂದು ಶೇಕ್ಷಾವಲಿ ಪಂಕ್ತಿಯ ನಡುವೆ ಅಂದ. ಮೆಹಜಬೀನ್ ಬಿರಿಯಾನಿಯ ತಟ್ಟೆ ಬಿಟ್ಟು ಎದ್ದಳು. “ಈ ಮಾತು ತಪ್ಪು ಅಂತ ಹೇಳೋತನಕ ನೀನು ನನಗೆ ಅಣ್ಣ ಅಲ್ಲ” ಎಂದು ಬಂದವಳು ಮತ್ತೆ ಆ ಹೊಸಿಲು ತುಳಿದಿರಲಿಲ್ಲ. ಇಫ್ತಿಕಾರ್ ಈ ಕಥೆಯನ್ನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಅವನ ಬಾಳಿನಲ್ಲಿ ಯಾರೂ ಅವನಿಗಾಗಿ ಬಿರಿಯಾನಿ ಬಿಟ್ಟು ಎದ್ದಿರಲಿಲ್ಲ.

ಎರಡು ಗಂಟೆಗೆ ಫೋನ್ ರಿಂಗಾಯಿತು. ಮೆಹಜಬೀನ್ ಕೈಗೆತ್ತಿಕೊಂಡಳು, ಕರೆ ಕಟ್ಟಾಯಿತು. ಮತ್ತೆ ಬಂತು, ಕಟ್ಟಾಯಿತು. ಮೂರನೆಯದೂ ಹಾಗೆಯೇ. ಅವಳೇ ಮಾಡಿದರೆ ಆಚೆ ರಿಂಗಾಗುವಷ್ಟರಲ್ಲಿ ಕಟ್ಟಾಗುತ್ತಿತ್ತು. ಆಟಕ್ಕೆ ಫೋನನ್ನು ಅಡ್ಡ ಹಿಡಿಯುತ್ತಾರೆ, ಮಾತಿಗೆ ಉದ್ದ ಹಿಡಿಯುತ್ತಾರೆ. ಉದ್ದ ಹಿಡಿದಾಗ ಗುಂಡು ಹಾರಿಸುವ ಗುಂಡಿ, ಕರೆ ಕತ್ತರಿಸುವ ಕೆಂಪು ಗುರುತಿನ ಮೇಲೆ ಬರುತ್ತಿತ್ತು. ಅಂಗೈ ತಾಮ್ರದ ತುದಿಗೆ ತಾಗಿದರೆ ಸಾಕು. ಸಂಜೆ ಸಾನಿಯಾ ಕಾಲೇಜಿನಿಂದ ಬಂದಾಗ ಅವಳ ಫೋನಿಗೆ ಮಾವನ ಸಂದೇಶ ಬಂದಿತ್ತು: ‘ನಿಮ್ಮ ಅಮ್ಮಿಗೆ ಹೇಳು. ಮೂರು ಸಲ ಮುಖಕ್ಕೆ ಹೊಡೆದಂಗೆ ಫೋನ್ ಇಟ್ಟಳು. ಅರ್ಥವಾಯಿತು.’ ಆಮೇಲೆ ಅವನು ಸಾನಿಯಾಳ ಕರೆಯನ್ನೂ ಎತ್ತಲಿಲ್ಲ.

ಆ ಮನೆಯ ಮಾತು ಉರ್ದು. ಪಕ್ಕದ ಮನೆಯ ಕಮಲಾಕ್ಷಮ್ಮನಿಗೂ ತಿಳಿಯಲಿ ಅನ್ನಿಸಿದಾಗ ಮಾತ್ರ ಮೆಹಜಬೀನ್ ಕನ್ನಡದಲ್ಲಿ ಜಗಳವಾಡುತ್ತಾಳೆ. ಅಂದು ಅಪ್ಪಟ ಕನ್ನಡ.

“ಹನ್ನೊಂದು ವರ್ಷ ಕಾದಿದ್ದೆ ಕಣ್ರೀ! ನಿಮ್ ಕೋಟೆಗೆ ಬೆಂಕಿ ಬೀಳ!”

“ಈಗ್ಲೇ ಕೀಳ್ತೀನಿ, ಕೊಡು.”

“ಕೀಳಬ್ಯಾಡ್ರಿ! ಇದ್ದಂಗೇ ತಗಂಡೋಗಿ ತೋರಿಸ್ರಿ. ಬಾಯಿ ಮಾತಿಗೆ ಭಯ್ಯಾ ನಂಬಲ್ಲ.”

“ಪಾಪ, ಊಟ ಮಾಡ್ಕಂಡು ಹೋಗ್ಲಿ ಬಿಡಮ್ಮ” ಎಂದಳು ಕಮಲಾಕ್ಷಮ್ಮ ಗೋಡೆಯಾಚೆಯಿಂದ.

ಶನಿವಾರ ಇಫ್ತಿಕಾರ್ ಮೊಳಕಾಲ್ಮೂರಿನ ಬಸ್ಸು ಹತ್ತಿ ಬಿಸಿಲು ಬೀಳುವ ಕಡೆಯ ಕಿಟಕಿಯ ಬಳಿ ಕೂತ. ದಾರಿಯುದ್ದಕ್ಕೂ ಆಡಿದ. ತಳಕು ಊರು ದಾಟಿದ ಮೇಲೆ ಯೋಧ ಗುಂಡು ಹಾರಿಸುವುದನ್ನೇ ನಿಲ್ಲಿಸಿದ. ಇಫ್ತಿಕಾರ್ ರಸ್ತೆಯನ್ನು ಬೈದುಕೊಂಡ.

ಶೇಕ್ಷಾವಲಿ ಸೀರೆ ಅಂಗಡಿಯ ಗಾದಿಯ ಮೇಲೆ ಕೂತಿದ್ದ. ಕೂರು ಎನ್ನಲಿಲ್ಲ. ನಿಂತೇ ಇಫ್ತಿಕಾರ್ ರಬ್ಬರು, ತಾಮ್ರ, ಸಲ್ಯೂಷನ್ ಎಲ್ಲವನ್ನೂ ವಿವರಿಸಿದ.

“ನೀವೇ ಮಾಡ್ರಿ ಭಾಯ್ ಫೋನು. ನಾನ್ ಎತ್ತಿದ ತಕ್ಷಣ ತಾನೇ ಕಟ್ಟಾಗ್ತೈತೆ, ನೋಡ್ರಿ.”

ಶೇಕ್ಷಾವಲಿ ಮಾಡಿದ. ಇಫ್ತಿಕಾರ್ ಎತ್ತಿ, ತಾಮ್ರಕ್ಕೆ ಅಂಗೈ ಚೆನ್ನಾಗಿ ಒತ್ತಿ, ಕಿವಿಗಿಟ್ಟುಕೊಂಡ. ಕರೆ ಕಟ್ಟಾಗಲಿಲ್ಲ. ಮೂರು ಅಡಿ ದೂರದಲ್ಲಿ ಒಬ್ಬರ ಉಸಿರು ಇನ್ನೊಬ್ಬರಿಗೆ ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಬಸ್ಸಿನ ಬಿಸಿಲಿಗೆ ಸಲ್ಯೂಷನ್ ಕರಗಿ, ಗುಂಡು ಹಾರಿಸುವ ಗುಂಡಿ ಅರ್ಧ ಬೆರಳು ಜಾರಿತ್ತು.

“ಹಲೋ” ಎಂದ ಇಫ್ತಿಕಾರ್, ಬೇರೇನೂ ತೋಚದೆ.

ಶೇಕ್ಷಾವಲಿ ಎದ್ದು ಬಂದು ಫೋನನ್ನು ಕಿತ್ತುಕೊಂಡ. ಅಂಟಿನ ಮೇಲೆ ಜಾರಿದ ಗುಂಡಿಯ ಗುರುತನ್ನು ನೋಡಿದ. ತಾಮ್ರದ ತುದಿಯನ್ನು ಉಗುರಿನಿಂದ ಮುಟ್ಟಿದ. ನಗು ತಡೆಯಲಾರದೆ ಅವನ ಹೊಟ್ಟೆ ಕುಲುಕತೊಡಗಿತು.

“ಕೆಡೋದಾದ್ರೂ ನೆಟ್ಟಗೆ ಕೆಡಬಾರ್ದೇನೋ, ಇಫ್ತಿಕಾರ್?”

ಅವನು ತನ್ನ ಫೋನಿನಿಂದ ಸಾನಿಯಾಳ ನಂಬರಿಗೆ ಕರೆ ಮಾಡಿ, ತಾಯಿಗೆ ಕೊಡು ಎಂದ. ಸ್ಪೀಕರ್ ಹಾಕಿದ. ಕಣ್ಣೊರೆಸಿಕೊಂಡು, “ಮೆಹಜಬೀನ್, ಆವತ್ತು ನಿನ್ ಗಂಡನಿಗೆ ಅಂದಿದ್ದು ತಪ್ಪು ಅಂತ ಹೇಳೋಕೆ ನಿನ್ನೆ ಫೋನ್ ಮಾಡಿದ್ದೆ” ಎಂದ. “ಆ ಮಾತನ್ನ ವಾಪಸ್...”

“ಬ್ಯಾಡ ಭಯ್ಯಾ” ಎಂದಳು ಮೆಹಜಬೀನ್. “ವಾಪಸ್ ತಗಬ್ಯಾಡ. ನೀನಂದಿದ್ದೇ ಸರಿ.”

ಆಮೇಲೆ ಅಣ್ಣ ತಂಗಿ ನಲವತ್ತು ನಿಮಿಷ ಮಾತಾಡಿದರು. ಹನ್ನೊಂದು ವರ್ಷಗಳಲ್ಲಿ ಇಫ್ತಿಕಾರ್ ಕೈಯಿಟ್ಟ ಮಿಕ್ಸಿ, ಗೀಸರು, ಮೀಟರ್ ಬೋರ್ಡು ಒಂದೊಂದೂ ಅದರಲ್ಲಿ ಬಂತು. ಇಬ್ಬರೂ ಅತ್ತರು, ಇಬ್ಬರೂ ನಕ್ಕರು. ಇಫ್ತಿಕಾರನಿಗೆ ಕೂರಲು ಹೇಳಿದರು, ಚಹಾ ಬಂತು. ಯಾರೂ ಅವನ ಕಡೆ ನೋಡಲಿಲ್ಲ.

ಬುಧವಾರ ಶೇಕ್ಷಾವಲಿ ಸಂಸಾರ ಸಮೇತ ಚಳ್ಳಕೆರೆಗೆ ಬರುತ್ತಿದ್ದಾನೆ. ನಿಕಾಹ್ ಶಾಮಿಯಾನದ ಲೈಟಿನ ಕೆಲಸವನ್ನು ಮೆಹಜಬೀನ್ ಊರಿನ ಇನ್ನೊಬ್ಬ ಎಲೆಕ್ಟ್ರಿಷಿಯನ್ ತಿಪ್ಪಯ್ಯನಿಗೆ ಒಪ್ಪಿಸಿದ್ದಾಳೆ.