ತಳದಲ್ಲಿ ತೂಬಿಟ್ಟ ಓವರ್ಸಿಯರ್ ಸಾಹೇಬರಿಗೆ

ಹಾನಗಲ್, ಮೇ 1983

ಕೆರೆಕಟ್ಟೆಗಳ ಸೇವೆಯಲ್ಲಿ ಮೂವತ್ತೊಂದು ವರ್ಷ ಸವೆಸಿ, ನಿವೃತ್ತಿಯ ನಂತರ ನಮ್ಮ ಪುಣ್ಯಕ್ಕೆ ನಮ್ಮ ಓಣಿಗೇ ಬಂದು ನೆಲೆಸಿರುವ ಮಾನ್ಯ ಓವರ್ಸಿಯರ್ ಫಕ್ಕೀರಪ್ಪನವರೇ, ಫೋಟೋ ಸ್ಟುಡಿಯೋದ ಉಸ್ಮಾನಸಾಬ ಮಾಡುವ ಸಲಾಮುಗಳು. ತಾವು, ತಮ್ಮ ಮನೆಯವರು, ತಮ್ಮ ಅಳತೆಗೋಲು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನನ್ನ ಏಳು ಮೀನುಗಳಲ್ಲಿ ಐದು ಕ್ಷೇಮವಾಗಿಲ್ಲ. ಮಾಸೂರಿನ ಗುತ್ತೆವ್ವನ ಮಗಳ ಫೋಟೋವೂ ಕ್ಷೇಮವಾಗಿಲ್ಲ. ಆ ಕುರಿತೇ ಈ ಪತ್ರ. ಎಲ್ಲರೂ ಓದಲೆಂದು ಒಂದು ಪ್ರತಿಯನ್ನು ಅಂಗಡಿಯ ಬಾಗಿಲಿಗೂ ಅಂಟಿಸಿದ್ದೇನೆ.

ಫೋಟೋಕ್ಕೆ ಕೂತ ಮಕ್ಕಳು ಅಳದಿರಲೆಂದು ನಾನು ಮೀನಿನ ತೊಟ್ಟಿ ಇಡಹೊರಟಾಗ, ಕರೆಯದಿದ್ದರೂ ಬಂದು ಉಪಕರಿಸಿದವರು ತಾವು. ಮೇಲೆ ಗಾಜಿನ ತೊಟ್ಟಿ, ಅದರ ಕೆಳಗೆ ಅರ್ಧ ಅಳತೆಯ ಸಿಮೆಂಟಿನ ತೊಟ್ಟಿ. ಮೇಲಿನ ನೀರು ಪೈಪಿನಲ್ಲಿ ಇಳಿದು, ಕೆಳಗೆ ಮರಳು-ಇದ್ದಿಲಿನಲ್ಲಿ ಸೋಸಿಕೊಂಡು, ಪುಟ್ಟ ಪಂಪಿನಿಂದ ಮತ್ತೆ ಮೇಲೇರಬೇಕು. ಇಷ್ಟಕ್ಕೆ ತಾವು ಕೆಂಪು-ಬಿಳಿ ಗೆರೆಯ ಕೋಲು ಹಿಡಿದು ಮೂರು ದಿನ ಕೂತು, ಮದಗದ ಕೆರೆಗೂ ಇರದಂಥ ನಕ್ಷೆ ಬರೆದಿರಿ. ನೀರು ಹೋಗುವ ದಾರಿ ಮೇಲಂಚಿನ ಹತ್ತಿರ ಇರಲೆಂದು ನನ್ನ ಹೆಂಡತಿ ಮುನವ್ವರಾ, "ಹೆಚ್ಚಾದದ್ದಷ್ಟ ಹೋಗ್ಲಿರಿ ಕಾಕಾರ" ಅಂದಾಗ ತಾವು ನಕ್ಕು, "ಕೋಡಿ ಮ್ಯಾಲೆ ಹೋದ ನೀರು ದಂಡ ಯವ್ವಾ, ತೂಬಿನ್ಯಾಗ ಬಿಟ್ಟ ನೀರಷ್ಟ ಕೆಲಸಕ್ಕ ಬರ್ತೈತಿ" ಎಂದು ತೊಟ್ಟಿಯ ತಳಕ್ಕೇ ತೂತು ಹಾಕಿಸಿದಿರಿ. ಅದಕ್ಕೊಂದು ನಳ ಕೂಡಿಸಿ, ಕೂದಲೆಳೆಯಷ್ಟು ತಿರುಗಿಸಿ, ಇಳಿಯುವ ನೀರನ್ನೂ ಏರುವ ನೀರನ್ನೂ ಸರಿದೂಗಿಸಿದ ತಮ್ಮ ಕೈಚಳಕಕ್ಕೆ ನಾನು ಬೆರಗಾದೆ. ಚಹಾ ತರಿಸಿದೆ.

ಕೆರೆಯಾದರೆ ತೂಬು ಮುಚ್ಚಲು ಒಬ್ಬ ಆಳಿರುತ್ತಾನೆ. ನನ್ನ ಅಂಗಡಿಯಲ್ಲಿ ನಾನೊಬ್ಬನೇ, ನಾನಿಲ್ಲದಾಗ ಬೀಗ. ಕಳೆದ ಸೋಮವಾರ ಮದುವೆಯ ಫೋಟೋ ತೆಗೆಯಲು ಚಿಕ್ಕೇರೂರಿಗೆ ಹೋಗಿದ್ದಾಗ, ಮುಂಜಾನೆ ಹತ್ತಕ್ಕೆ ಕರೆಂಟು ಹೋಯಿತಂತೆ. ಪಂಪು ನಿಂತಿತು, ತಮ್ಮ ತೂಬು ನಿಲ್ಲಲಿಲ್ಲ. ಮೇಲಿನ ತೊಟ್ಟಿ ಬರಿದಾಗಿ, ಮೂಲೆಯ ಕಲ್ಲಿನ ಸಂದಿಯಲ್ಲಿ ನಿಂತ ಬೊಗಸೆ ನೀರಿನಲ್ಲಿ ಎರಡೇ ಮೀನು ಉಳಿದವು; ಕೆಳಗಿನದು ಉಕ್ಕಿ, ಪಕ್ಕದಲ್ಲೇ ನೆಲದ ಮೇಲಿದ್ದ ಫೋಟೋ ಪೆಟ್ಟಿಗೆಯನ್ನು ಸಂಜೆಯವರೆಗೆ ನೆನೆಸಿತು. ಒಂದು ಹನಿಯೂ ದಂಡವಾಗದ ಈ ನೀರಾವರಿಗೆ ತಮ್ಮನ್ನು ಅಭಿನಂದಿಸಲೇಬೇಕು.

ಹೋದ ವರ್ಷ ಜ್ವರದಲ್ಲಿ ತೀರಿಕೊಂಡ ಗುತ್ತೆವ್ವನ ಮಗಳು ಕರೆವ್ವ ಇದ್ದದ್ದು ಒಂದೇ ಒಂದು ಫೋಟೋದಲ್ಲಿ, ಶಾಲೆಯ ಗುಂಪಿನ ನಡುವೆ. ಅವಳ ಮುಖವನ್ನಷ್ಟೇ ದೊಡ್ಡದು ಮಾಡಿಕೊಡಿ ಎಂದು ಗುತ್ತೆವ್ವ ಅದನ್ನು ನನ್ನ ಕೈಗೆ ಕೊಟ್ಟಿದ್ದಳು. ತೊಯ್ದು ಒಂದಕ್ಕೊಂದು ಅಂಟಿದ್ದ ಹಾಳೆಗಳನ್ನು ಬಿಡಿಸುವಾಗ ಮುಖಗಳೆಲ್ಲ ಕಿತ್ತುಬಂದವು. ತೆಗೆದವರು ಯಾರೋ ಪರವೂರಿನವರು, ನೆಗೆಟಿವ್ ಎಲ್ಲಿದೆಯೋ ತಿಳಿಯದು.

ಆದ್ದರಿಂದ ತಮ್ಮಲ್ಲಿ ಸಣ್ಣ ಬಿನ್ನಹ. ಕರೆಂಟು ಹೋಗುವ ಮುನ್ನ ಓಣಿಯಲ್ಲಿ ಡಂಗುರ ಸಾರಬೇಕೆಂದು ತಾವು ಸಂಬಂಧಪಟ್ಟವರಿಗೆ ಬರೆಯಬೇಕು. ಅದಾಗದಿದ್ದರೆ ಉಳಿದಿರುವ ಎರಡು ಮೀನುಗಳಿಗೆ ನಳ ತಿರುಗಿಸುವ ತರಬೇತಿಯನ್ನಾದರೂ ಕೊಡಬೇಕು. ಅದೂ ಆಗದಿದ್ದರೆ ಕರೆವ್ವನ ಮುಖವನ್ನು ತಾವೇ ಬರೆದುಕೊಡಬೇಕು. ಅಷ್ಟು ನಿಖರವಾಗಿ ಗೆರೆ ಎಳೆಯುವವರು ಈ ತಾಲ್ಲೂಕಿನಲ್ಲಿ ಇನ್ನಾರಿದ್ದಾರೆ?

ಗುತ್ತೆವ್ವ ನಿನ್ನೆ ಬಂದಿದ್ದಳು. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವಳು ಬೋಳು ಹಾಳೆಯನ್ನು ತಿರುವಿ ನೋಡಿ, "ಸಾಬ್ರ, ಇದರಾಗ ಎಲ್ಲಿ ನಿಂತಿದ್ಲು, ಒಂದೀಟು ತೋರಸ್ರಿ" ಎಂದಳು. ಎರಡನೇ ಸಾಲಿನ ಎಡತುದಿಗೆ ಬೆರಳಿಟ್ಟೆ. ಆ ಜಾಗವನ್ನು ಸವರಿ, ಹಾಳೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ತಮ್ಮ ನಕ್ಷೆಯನ್ನು ನಂಬಿ ತೊಯ್ದ
ತಮ್ಮ ವಿಶ್ವಾಸಿ,
ಉಸ್ಮಾನಸಾಬ

ತಾ.ಕ.: ಮುನವ್ವರಾ ಹೇಳಿದಂತೆ, ತಮ್ಮದೇ ತೂತಿನ ಮೇಲೆ ತೊಟ್ಟಿಯೊಳಗೆ ಒಂದೂಕಾಲು ಅಡಿಯ ಪೈಪು ನೆಟ್ಟಗೆ ನಿಲ್ಲಿಸಿದ್ದೇನೆ. ಈಗ ಕರೆಂಟು ಹೋದರೆ ನೀರು ಪೈಪಿನ ಬಾಯಿಯವರೆಗಷ್ಟೇ ಇಳಿದು ತಾನಾಗಿ ನಿಲ್ಲುತ್ತದೆ. ಹೋಗುವಾಗ ಅದನ್ನು ನೋಡಿದ ಗುತ್ತೆವ್ವ, "ಈ ಪೈಪ ಮೊದ್ಲ ಯಾಕ ಇಡ್ಲಿಲ್ರಿ?" ಎಂದು ಕೇಳಿದಳು. ಅದಕ್ಕೆ ತಮ್ಮ ಮನೆಯ ಗುರುತು ಹೇಳಿದ್ದೇನೆ. ಸಂತೆಯ ದಿನ ಬರುತ್ತಾಳಂತೆ, ದಯವಿಟ್ಟು ಮನೆಯಲ್ಲಿರಬೇಕು.