ವಿಯೆನ್ನಾದಿಂದ ಪ್ಯಾರಿಸ್ಸಿಗೆ ಎರಡೇ ಗಂಟೆ

ಭೂಗೋಳದ ಮೇಷ್ಟ್ರಿಗೆ ಒಂದು ಅನುಕೂಲವಿದೆ. ಎಲ್ಲಿಗೂ ಹೋಗದೆ ಎಲ್ಲ ಊರಿನ ಬಗ್ಗೆಯೂ ಮಾತಾಡಬಹುದು. ನಂಜನಗೂಡಿನ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಯುರೋಪನ್ನು ಬೆತ್ತದ ತುದಿಯಲ್ಲಿ ತೋರಿಸಿದವನು ನಾನು. ಸ್ವಂತ ಕಾಲಲ್ಲಿ ತಲಕಾಡಿನ ಮರಳಿನಾಚೆ ಹೋದವನಲ್ಲ. ಆದರೂ ನೆಂಟರಿಷ್ಟರು ದೂರದ ಊರಿನ ವಿಚಾರ ಬಂದರೆ ನನ್ನನ್ನೇ ಕೇಳುತ್ತಾರೆ, ನಾನೂ ತಡವರಿಸದೆ ಹೇಳಿಬಿಡುತ್ತೇನೆ. ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ.

ನರಸೀಪುರದಲ್ಲಿ ನನ್ನ ಅಕ್ಕ ತೀರಿಕೊಂಡಾಗಲೂ ಕೇಳಿದರು. ಅಕ್ಕನಿಗೆ ಒಬ್ಬಳೇ ಮಗಳು, ಗೌರಿ. ವಿಯೆನ್ನಾದಲ್ಲಿ ನರ್ಸು. ವಿಯೆನ್ನಾದಿಂದ ಪ್ಯಾರಿಸ್ಸಿಗೆ ಬಂದು, ಅಲ್ಲಿ ವಿಮಾನ ಬದಲಿಸಿ ಬೆಂಗಳೂರಿಗೆ ಬರಬೇಕಿತ್ತು. ನಮ್ಮಲ್ಲಿ ಸತ್ತವರನ್ನು ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಅಕ್ಕ ಮಗಳಿಗೆ ಕಾಯುತ್ತಿರುವ ಹಾಗೆಯೇ ಕೂತಿದ್ದಳು. ಭಾವ ಮೊದಲೇ ತೀರಿಹೋಗಿದ್ದರಿಂದ, ಎಷ್ಟು ಹೊತ್ತು ಕಾಯುವುದೆಂದು ಹೇಳಬೇಕಾದವರು ಅವರ ಅಣ್ಣ ಪುಟ್ಟಬಸಪ್ಪನವರು.

“ಮೇಷ್ಟ್ರೇ, ಆ ಎಲ್ಡೂರ್ಗೂ ಎಷ್ಟ್ ದೂರ?”

ಕಿಲೋಮೀಟರು ಸಾವಿರದ ಮೇಲಿತ್ತು. ಅದನ್ನು ನುಂಗಿಕೊಂಡು, “ಎರಡು ಗಂಟೆ” ಎಂದೆ.

“ಅಷ್ಟೇಯಾ? ನಿಮ್ ನಂಜನಗೂಡ್ ಬಸ್ಸೂ ಅಷ್ಟೇ ತಕ್ಕತದೆ. ಕಾಯಮ ಬುಡಿ.”

ಆ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತದೆ; ನಮ್ಮವರು ದೂರ ಅಳೆಯುವುದು ಅದರ ಗಂಟೆಯಲ್ಲೇ. ಅಲ್ಲಿ ಸೇರಿದ್ದವರ ಮನಸ್ಸಿನಲ್ಲಿ ಗೌರಿ ಆಗಲೇ ನಂಜನಗೂಡಿನ ಬಸ್‌ಸ್ಟಾಂಡಿನಲ್ಲಿ ಬ್ಯಾಗು ಹಿಡಿದು ನಿಂತಿದ್ದಳು. ಪ್ಯಾರಿಸ್ಸಿನಿಂದಾಚೆಗೆ ಅರ್ಧ ಭೂಮಿಯೇ ಇದೆ ಎಂದು ನಾನು ಬಾಯಿ ಬಿಡಲಿಲ್ಲ. ಹೇಗಾದರೂ ಅವಳು ತಾಯಿಯ ಮುಖ ನೋಡಲಿ ಎಂಬುದಷ್ಟೇ ನನ್ನ ಆಸೆ.

ಮಾರನೆಯ ದಿನ ಫೋನು ಬಂತು. ವಿಯೆನ್ನಾದಲ್ಲಿ ಹಿಮ ಬಿದ್ದು ವಿಮಾನ ತಡವಾಗಿ, ಪ್ಯಾರಿಸ್ಸಿನಲ್ಲಿ ಬೆಂಗಳೂರಿನ ವಿಮಾನ ತಪ್ಪಿಹೋಗಿತ್ತು. “ಮಾವ, ನಾಳೆವರೆಗೂ ಅಮ್ಮನ್ನ ಇಟ್ಕೊಂಡಿರಿ” ಎಂದು ಗೌರಿ ಅತ್ತಳು. ಪುಟ್ಟಬಸಪ್ಪನವರು ಅಕ್ಕನ ಮುಖ ನೋಡಿದರು. ಅದು ಬಣ್ಣ ತಿರುಗಿತ್ತು.

“ಇನ್ನಾಗಲ್ಲ ಕಣ್ರೀ. ತಪ್ಪೋದ್ರೆ ಒಂದ್ ಕಾರಾದ್ರೂ ಮಾಡ್ಕಂಡ್ ಬರಕ್ಕಾಗ್ನಿಲ್ವಾ?”

ಸಂಜೆ ಮಣ್ಣು ಮಾಡಿದೆವು.

ಗೌರಿ ಬಂದಾಗ ಗುಡ್ಡೆಯ ಮೇಲಿನ ಹೂವು ಬಾಡಿತ್ತು. ಅವಳು ಮಣ್ಣಿಗೆ ಕೆನ್ನೆಯೊತ್ತಿ ಬಿದ್ದುಕೊಂಡಿದ್ದರೆ, ಹಿಂದೆ ನಿಂತ ಹೆಂಗಸೊಬ್ಬಳು ಅವಳಿಗೆ ಕೇಳುವಂತೆಯೇ ಹೇಳಿದಳು: “ಎಲ್ಡ್ ಗಂಟೆ ದಾರಿ ಕನವ್ವ. ಎತ್ತವ್ವನ್ ಮಕ ನೋಡಕ್ ಬರ್ನಿಲ್ಲ.”

ಗೌರಿ ತಲೆಯೆತ್ತಿ ನನ್ನನ್ನು ನೋಡಿದಳು. ಕಡ್ಡಿಯೊಂದನ್ನು ಹೆಕ್ಕಿ ನೆಲದ ಮೇಲೇ ಯುರೋಪು ಬರೆದೆ. ವಿಯೆನ್ನಾ ಇಲ್ಲಿ, ಪ್ಯಾರಿಸ್ಸು ಅಲ್ಲಿ, ನಾವು ಇಷ್ಟು ದೂರ ಎಂದು ಓಡಿಹೋಗಿ ಬೇಲಿಯ ಪಕ್ಕ ಒಂದು ಚುಕ್ಕಿ ಇಟ್ಟೆ. ಅವೆರಡರ ನಡುವಿನ ಸಾವಿರ ಕಿಲೋಮೀಟರನ್ನೂ ಹೇಳಿದೆ, ಅಲ್ಲಿಂದ ಇಲ್ಲಿಗಿರುವ ಸಾವಿರಾರು ಕಿಲೋಮೀಟರನ್ನೂ ಹೇಳಿದೆ. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ. ಎಲ್ಲರೂ ತಾಳ್ಮೆಯಿಂದ ಕೇಳಿದರು.

ಪುಟ್ಟಬಸಪ್ಪನವರು ನನ್ನ ಭುಜ ತಟ್ಟಿದರು. “ಇರ್ಲಿ ಬುಡಿ ಮೇಷ್ಟ್ರೇ. ಸೋದರಮಾವ ಅಂದ್ಮೇಲೆ ನೀವು ವಯಿಸ್ಕಂಡು ಮಾತಾಡ್ಲೇಬೇಕಲ್ಲ.”