ಮೂರು ದಿನದ ಬ್ಯಾಟರಿ

ಕೊಟ್ಟೂರೇಶನ ಸಂಸಾರದಲ್ಲಿ ಜಗಳ ತಂದದ್ದು ಅತ್ತೆಯೂ ಅಲ್ಲ, ನಾದಿನಿಯೂ ಅಲ್ಲ. ಅವನ ಪುಟ್ಟ ಫೋನು. ಜೇಬಿನಲ್ಲಿದ್ದದ್ದೇ ಗೊತ್ತಾಗದಷ್ಟು ಚಿಕ್ಕದು, ನಿಜ. ಆದರೆ ಮಧ್ಯಾಹ್ನವಾಗುವಷ್ಟರಲ್ಲಿ ಸತ್ತು ಮಲಗುತ್ತಿತ್ತು. ಕಳೆದ ವಾರ ಹೆಂಡತಿ ವಾಣಿಶ್ರೀ ಹರಿಹರದ ತವರಿನಿಂದ ಬಂದಿಳಿದು, ಚೀಲ ಹಿಡಿದು ಬಿಸಿಲಲ್ಲಿ ನಿಂತು ಫೋನ್ ಮಾಡಿದರೆ ಸ್ವಿಚಾಫ್. ಅವಳು ಆಟೊ ಹತ್ತಲಿಲ್ಲ. ಹರಿಹರದ ಬಸ್ಸನ್ನೇ ವಾಪಸ್ ಹತ್ತಿದಳು.

ಶನಿವಾರ ಅವಳದೇ ಕರೆ ಬಂತು. “ನಾಳೆ ಸಂಜಿಗೆ ಬರ್ತೀನಿ. ಯಾವ ಬಸ್ಸು ಸಿಗ್ತೈತೋ, ಎಲ್ಲಿ ಇಳಿತೀನೋ ಗೊತ್ತಿಲ್ಲ. ಇಳಿದು ಫೋನ್ ಮಾಡ್ತೀನಿ. ಈ ಸಲಾನೂ ಸ್ವಿಚಾಫ್ ಬಂತಂದ್ರ, ನನ್ನ ಆಸೆ ಬಿಡ್ರಿ.”

ಭಾನುವಾರ ಬೆಳಿಗ್ಗೆಯೇ ಕೊಟ್ಟೂರೇಶ ಪಿ.ಜೆ. ಬಡಾವಣೆಯ ಜಮಾಲುದ್ದೀನನ ಮೊಬೈಲ್ ಅಂಗಡಿಗೆ ಓಡಿದ.

“ಸಣ್ಣದು ಬೇಕೋ, ಬ್ಯಾಟರಿ ಬೇಕೋ? ಎರಡೂ ಒಂದರಾಗ ಸಿಗಲ್ರಿ.”

“ಹೆಂಡ್ತಿ ಬೇಕು,” ಎಂದ ಕೊಟ್ಟೂರೇಶ.

ಜಮಾಲುದ್ದೀನ್ ಇಟ್ಟಿಗೆಯಂಥ ಫೋನೊಂದನ್ನು ತೆಗೆದಿಟ್ಟ. “ಮೂರು ದಿನ ಬರ್ತೈತೆ. ಬ್ಯಾರೆ ಫೋನಿಗೂ ಇದರಿಂದ ಚಾರ್ಜ್ ಕೊಡಬಹುದು. ಫುಲ್ ಮಾಡಿ ಕೊಡ್ತೀನಿ, ಕೂಡ್ರಿ.”

ಜೇಬಿಗೆ ಹಾಕಿದರೆ ಜೇಬು ಹೋರಿಯ ಕೊರಳ ಗಂಗೆದೊಗಲಿನಂತೆ ಜೋತುಬಿತ್ತು. ಒಂದು ಕಡೆ ವಾಲಿಕೊಂಡೇ ಅವನು ಎಂ.ಸಿ.ಸಿ. ಬಡಾವಣೆಯ ಮನೆ ಸೇರಿದ. ಅಲ್ಲಿ ದುರಸ್ತಿಗೆಂದು ಇಡೀ ಬೀದಿಗೆ ಸಂಜೆಯವರೆಗೆ ಕರೆಂಟಿರಲಿಲ್ಲ. ತನಗೇನು ಚಿಂತೆ ಎಂದುಕೊಂಡು, ಎದುರುಮನೆಯ ತೋಟಪ್ಪನವರ ಮುಂದೆ ಹೊಸ ಫೋನಿನ ಗುಣಗಾನ ಶುರುಮಾಡಿದ. ತಪ್ಪಾದದ್ದು ಅಲ್ಲೇ.

“ಬ್ಯಾರೆ ಫೋನಿಗೂ ಕೊಡ್ತೈತಾ? ಹಂಗಾದ್ರ ಹೆಪ್ಪಿಗೆ ಮೊಸರು ಕೊಟ್ಟಂಗ ನಂದಕ್ಕೂ ಒಂದೀಟು ಹಾಕ್ರಿ,” ಎಂದರು ತೋಟಪ್ಪ.

ಅವರ ಫೋನಿನ ವೈರು ಬಿಚ್ಚುವಷ್ಟರಲ್ಲಿ ಮಹಡಿಯ ಬಾಡಿಗೆಯ ಸಿದ್ದು ಇಳಿದುಬಂದ. “ಅಣ್ಣಾ, ಮ್ಯಾಚ್ ಐತೆ, ಇಲ್ಲ ಅನಬ್ಯಾಡ್ರಿ.” ಅವನ ಹಿಂದೆಯೇ ಪಕ್ಕದ ಮನೆಯ ಅಕ್ಕನಾಗಮ್ಮ. “ತಮ್ಮಾ, ನಂದೂ ಸತ್ತೈತೆ ನೋಡು.”

ಅಕ್ಕನಾಗಮ್ಮನಿಗೆ ಇಲ್ಲವೆನ್ನುವುದು ಹೇಗೆ? ವಾಣಿ ಹೋದಾಗಿನಿಂದ ಅವನ ಹೊಟ್ಟೆ ತುಂಬಿಸಿದ್ದು ಆಕೆ ಕಳಿಸಿದ ರೊಟ್ಟಿ, ಪಲ್ಯ. ಅದನ್ನು ನೆನೆದು ಅವನೇ ವೈರು ಸಿಕ್ಕಿಸಿದ.

ಮಧ್ಯಾಹ್ನದ ಹೊತ್ತಿಗೆ ಬೀದಿಯ ಅರ್ಧ ಜನ ಅವನ ಜಗಲಿಯ ಮೇಲಿದ್ದರು. “ಸಾಕ್ರಿ, ನನಗೂ ಒಂದೀಟು ಉಳೀಲಿ,” ಎಂದು ಕೊಟ್ಟೂರೇಶ ಅಂಗಲಾಚಿದ.

“ಮೂರು ದಿನದ್ದು ಅಂತ ನೀವೇ ಅಂದ್ರಲ್ಲ? ನಾವು ಎರಡು ದಿನದ್ದು ತಗಂತೀವಿ, ಮೂರನೇದು ನಿಮಗಿರಲಿ,” ಎಂದು ತೋಟಪ್ಪ ನ್ಯಾಯ ಹೇಳಿದರು.

ಸಂಜೆ ಫೋನು ಹೊಡೆದುಕೊಂಡಿತು. ವಾಣಿ! “ಹಲೋ ವಾಣಿ, ಎಲ್ಲಿ…” ಎನ್ನುವಷ್ಟರಲ್ಲಿ ಪರದೆ ಕಪ್ಪಾಯಿತು.

ಕೊಟ್ಟೂರೇಶ ತೋಟಪ್ಪನವರ ಫೋನು ಕಿತ್ತುಕೊಂಡ. ಬೆರಳು ಅಲ್ಲೇ ನಿಂತಿತು.

“ಒತ್ರಿ ನಂಬರ್!” ಎಂದರು ತೋಟಪ್ಪ.

“ನಂಬರ್… ಇದರೊಳಗೈತೆ,” ಎಂದು ಸತ್ತ ಫೋನು ತೋರಿಸಿದ.

“ಕಟ್ಟಿಕೊಂಡ ಹೆಂಡ್ತಿ ನಂಬರ್ ಗೊತ್ತಿಲ್ವೇನ್ರಿ?” ಜಗಲಿಯೆಲ್ಲ ನಕ್ಕಿತು. ಕೊಟ್ಟೂರೇಶನಿಗೆ ಮಾತ್ರ ಅಳು ಬಂತು. ಅವನ ಕಣ್ಣಮುಂದೆ ಹರಿಹರದ ಬಸ್ಸು ಆಗಲೇ ಹೊರಟಿತ್ತು.

ಅಷ್ಟರಲ್ಲಿ ಪಕ್ಕದ ಅಂಗಳದಿಂದ ಅಕ್ಕನಾಗಮ್ಮನ ದನಿ ಕೇಳಿಸಿತು. “ಅವನ ಮ್ಯಾಲ ಸಿಟ್ಟಾಗಬ್ಯಾಡ ವಾಣಿ. ನಿನ್ನ ಗಂಡ ಓಣಿಗೆಲ್ಲ ಚಾರ್ಜ್ ಹಂಚಿ ಕುಂತಾನ. ನಾ ಈಗ ಮಾತಾಡಾದೂ ಅವನು ಕೊಟ್ಟಿದ್ದರಾಗೇ.” ಆಮೇಲೆ ಇತ್ತ ತಿರುಗಿ ಕೂಗಿದರು. “ಹಳೇ ಬಸ್‌ಸ್ಟ್ಯಾಂಡ್ ಹತ್ರ ನಿಂತಾಳ, ಓಡು!”

ಆಕೆಯ ಕಾಲಿಗೆ ಬೀಳಬೇಕೆನ್ನಿಸಿತು. ಅದಕ್ಕೆ ಹೊತ್ತಿಲ್ಲದೆ ಸ್ಕೂಟರ್ ಹತ್ತಿದ. ವಾಣಿ ಅಲ್ಲೇ ಇದ್ದಳು, ನಗುತ್ತಿದ್ದಳು. ದಾರಿಯುದ್ದಕ್ಕೂ ಅವನ ಹೆಗಲ ಮೇಲಿಟ್ಟ ಕೈ ತೆಗೆಯಲಿಲ್ಲ. ಕೊಟ್ಟೂರೇಶ ಮನಸ್ಸಿನಲ್ಲೇ ಬೀದಿಯವರಿಗೆಲ್ಲ ಕೈಮುಗಿದ.

ಮನೆಗೆ ಬಂದು ಅವಳು ಹೊಸ ಫೋನನ್ನು ಕೈಯಲ್ಲಿ ತೂಗಿ ನೋಡಿದಳು. “ಇದು ನಿಮ್ಮ ಜೇಬು ಹರಿತೈತೆ. ನನ್ನ ಬ್ಯಾಗಿಗೆ ಸರಿ ಕೂಡ್ತದೆ, ಹರಿಹರಕ್ಕೆ ಓಡಾಡಾಕಿ ನಾನು ತಾನೆ?” ಎಂದು ಒಳಗಿಳಿಸಿಯೇಬಿಟ್ಟಳು. ಕಪಾಟಿನಲ್ಲಿದ್ದ ಆ ಹಳೆಯ ಪುಟ್ಟ ಫೋನಿಗೆ ಅವನ ಸಿಮ್ ಹಾಕಿ, ತಾನೇ ಅವನ ಜೇಬಿಗಿಟ್ಟಳು. ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

“ಈಗ ಅಂಗಡಿಗೆ ಹೋಗ್ರಿ. ಏನೇನು ಬೇಕಂತ ನೋಡಿ ಫೋನ್ ಮಾಡ್ತೀನಿ. ಸ್ವಿಚಾಫ್ ಬಂತಂದ್ರ ಗೊತ್ತಲ್ಲ?”

“ಗೊತ್ತೈತೆ,” ಎಂದು ಕೊಟ್ಟೂರೇಶ ಸಂತೋಷದಿಂದಲೇ ಮೆಟ್ಟಿಲಿಳಿದ. ಹೆಂಡತಿ ಬಂದಳಲ್ಲ, ಅಷ್ಟು ಸಾಕು. ಗೇಟು ದಾಟುವಷ್ಟರಲ್ಲಿ ಜೇಬಿನೊಳಗೆ ಫೋನು ಒಮ್ಮೆ ಕುಂಯ್ ಎಂದು ಕಣ್ಣು ಮುಚ್ಚಿತು.